ಬಾಗಿಲಲ್ಲಿ ತೂಗಿದ ಹಾರ

ಡಿಸೆಂಬರ್ ಇಪ್ಪತ್ತೈದರ ಬೆಳಗು. ಗಂಟೆ ಎಂಟಾದರೂ ಆ ಉತ್ತರದ ಊರಿನಲ್ಲಿ ಕತ್ತಲೆ ಹರಿದಿರಲಿಲ್ಲ. ತಾಸ್ಯಾ ಒಲೆಗೆ ಸೌದೆ ಒಟ್ಟುತ್ತಿದ್ದಳು. ಹೊರಗೆ ಯಾರೋ ಗೋಳೋ ಎಂದು ಅತ್ತರು.

ಪಕ್ಕದ ಮನೆಯ ಜಿನಾಯಿದಾ. ತಲೆಗೆ ಕಪ್ಪು ಶಾಲು.

"ಅಜ್ಜಿ ಯಾವಾಗ ಹೋದ್ರೇ? ನಿನ್ನೆ ಸಂಜೆ ಕೂಡ ನನ್ನನ್ನ ಬೈದಿದ್ರಲ್ಲೇ!"

"ಈಗ್ಲೂ ಬೈತೀನಿ, ಬಾಗಿಲು ಹಾಕು. ಚಳಿ ನುಗ್ತಿದೆ," ಎಂದಳು ಅಜ್ಜಿ ಅಗ್ರಫೇನ, ಒಲೆ ಪಕ್ಕದ ಹಾಸಿಗೆಯಿಂದ.

ಜಿನಾಯಿದಾ ಬಾಯಿ ಮುಚ್ಚಿಕೊಂಡು ಬಾಗಿಲ ಹೊರಗಡೆ ಬೆರಳು ತೋರಿಸಿದಳು. ಫರ್ ಮರದ ಹಸಿ ಕೊಂಬೆಗಳನ್ನು ಬಳಸಿ ಕಟ್ಟಿದ ದುಂಡು ಹಾರ. ಅದಕ್ಕೊಂದು ಕೆಂಪು ರಿಬ್ಬನ್. ಆ ಊರಿನಲ್ಲಿ ಅಂಥ ಹಾರ ಹೋಗುವುದು ಒಂದೇ ಕಡೆಗೆ, ಗೋರಿಯ ಮೇಲಕ್ಕೆ.

ಕಟ್ಟಿದ್ದು ಯಾರೆಂದು ತಾಸ್ಯಾಗೆ ಆಗಲೇ ಹೊಳೆದುಹೋಯಿತು.

ಗ್ಲಿನ್ ವೇಲ್ಸ್ ಕಡೆಯವನು. ಅವಳು ಹಾಡು ಕಲಿಸುವ ಶಾಲೆಯಲ್ಲೇ ಇಂಗ್ಲಿಷ್ ಕಲಿಸಲು ಬಂದಿದ್ದ. ಎಲೆ ಉದುರುವ ಕಾಲದಿಂದ ಇಬ್ಬರೂ ಶಾಲೆ ಬಿಟ್ಟಮೇಲೆ ನದಿಯ ದಂಡೆಯಲ್ಲಿ ಜೊತೆಗೆ ನಡೆಯುತ್ತಿದ್ದರು. "ಟೋಪಿ ಹಾಕ್ಕೊಳ್ಳಿ ಮೇಷ್ಟ್ರೇ. ಕಿವಿ ಉದುರಿ ಹೋದ್ರೆ ಮಕ್ಕಳ ಇಂಗ್ಲಿಷ್ ಯಾರು ಕೇಳಿಸ್ಕೊಳ್ತಾರೆ?" ಎಂದು ಅವಳು ರೇಗಿಸುವಳು. ಅವನು ಟೋಪಿಯನ್ನು ಬೇಕೆಂತಲೇ ಜೇಬಿಗೆ ತುರುಕುವನು, ಇನ್ನೊಮ್ಮೆ ಹೇಳಿಸಿಕೊಳ್ಳಲು.

ಅವತ್ತು ಶಾಲೆಯಲ್ಲಿ ಅವಳು ರೇಗಿಸಲಿಲ್ಲ.

"ಇದೇನು ಮಾಡಿಬಿಟ್ರಿ ಮೇಷ್ಟ್ರೇ?"

"ನಿಮ್ಮಲ್ಲಿ ಜನವರೀಲಿ, ನಮ್ಮೂರಲ್ಲಿ ಇವತ್ತೇ ಕ್ರಿಸ್‌ಮಸ್. ಬಾಗಿಲಿಗೆ ಕಟ್ತೀವಿ. ಇಷ್ಟ ಆದವರ..." ಅವನ ಕಿವಿ ಕೆಂಪೇರಿತು.

"ಇಲ್ಲಿ ಸತ್ತವರಿಗೆ ಕೊಡ್ತಾರೆ."

ಕಿವಿಯ ಕೆಂಪು ಹಾಗೇ ಇಳಿದುಹೋಯಿತು. ಅವನ ಬೆರಳುಗಳಿಗೆ ಮರದ ಅಂಟು ಇನ್ನೂ ಮೆತ್ತಿಕೊಂಡಿತ್ತು, ಸೂಜಿಯೆಲೆ ಚುಚ್ಚಿದ ಗಾಯಗಳಿದ್ದವು. ತಾಸ್ಯಾ ಆ ಕೈ ಹಿಡಿದಳು. ಅಂಟು ಅವಳ ಬೆರಳಿಗೂ ಹತ್ತಿತು.

ಅವಳ ತಂದೆ ಪ್ರೋಖೊರ್ ಹೆಪ್ಪುಗಟ್ಟಿದ ನದಿಯ ಮೇಲಿನ ದಾರಿ ಕಾಯುವವನು. ಜನ ದಾರಿ ತಪ್ಪದಂತೆ ಹಿಮದಲ್ಲಿ ಫರ್ ಕೊಂಬೆ ನೆಡುವುದು ಅವನ ಕೆಲಸ. ಗ್ಲಿನ್ ತನ್ನ ಹಾರಕ್ಕೆ ಕೊಂಬೆ ಕಿತ್ತದ್ದೂ ಅದೇ ಸಾಲಿನಿಂದ. ತಾಸ್ಯಾಳ ತಾಯಿ ಆ ನದಿಯಲ್ಲೇ ಮುಳುಗಿ ಹೋದವಳು. ಹಾರ ಬಂದ ಮನೆಯಿಂದ ಒಬ್ಬರು ಹೋಗಲೇಬೇಕು, ಈ ಸಲ ಅದು ಮಗಳೇ ಎಂದು ಅವನ ಭಯ.

"ಈ ಸಲ ಮಂಜುಗಡ್ಡೆ ಕರಗೋವರೆಗೂ ನೀನು ನದಿ ಮೇಲೆ ಕಾಲಿಡಕೂಡದು," ಎಂದ ಪ್ರೋಖೊರ್. "ಆ ಮೇಷ್ಟ್ರು ನನ್ನ ಹೊಸ್ತಿಲು ತುಳಿಯಕೂಡದು." ಹಾರವನ್ನು ಸುಡಲೂ ಅವನಿಗೆ ಧೈರ್ಯ ಬರಲಿಲ್ಲ. ಸೌದೆ ಕೊಟ್ಟಿಗೆಗೆ ಎಸೆದ.

ಆ ಚಳಿಗಾಲವೆಲ್ಲ ಮನೆ ಉಸಿರು ಬಿಗಿಹಿಡಿದಿತ್ತು. ಅಜ್ಜಿ ಕೆಮ್ಮಿದರೆ ಪ್ರೋಖೊರ್‌ನ ಚಮಚ ತಟ್ಟೆಯ ಮೇಲೆ ನಿಲ್ಲುತ್ತಿತ್ತು. ಫೆಬ್ರವರಿಯಲ್ಲಿ ಆ ಕೆಮ್ಮು ಎದೆಗಿಳಿಯಿತು. ಏಪ್ರಿಲ್ ಹೊತ್ತಿಗೆ ನದಿ ಒಳಗೊಳಗೇ ನರಳತೊಡಗಿತು.

ಆಗಲೇ ಗ್ಲಿನ್‌ನ ವೀಸಾ ಮುಗಿಯುತ್ತ ಬಂತು. ರೈಲು ನಿಲ್ದಾಣ ಆಚೆ ದಡದಲ್ಲಿ. ಮಂಜುಗಡ್ಡೆ ಒಡೆದರೆ ಮತ್ತೆ ದೋಣಿ ಬರುವವರೆಗೆ ದಾಟುವ ಮಾತೇ ಇಲ್ಲ.

"ನನ್ನ ಜೊತೆ ಬಂದುಬಿಡು ತಾಸ್ಯಾ," ಎಂದ ಶಾಲೆಯ ಮೆಟ್ಟಿಲ ಮೇಲೆ.

"ಬರೋಕೆ ನದಿ ದಾಟ್ಬೇಕಲ್ಲ ಮೇಷ್ಟ್ರೇ."

ಅವನು ಹೊರಡುವ ದಿನ ಅಗ್ರಫೇನ ಮಗನನ್ನು ಕರೆದಳು. "ಪ್ರೋಖೊರ್, ಕೊಟ್ಟಿಗೇಲಿರೋ ಹಾರ ತಗೊಂಬಾ. ಬಾಗಿಲಾಚೆ ನಿಂತಿರೋ ಆ ಹುಡುಗನ್ನೂ ಒಳಗೆ ಕರಿ."

"ಅಮ್ಮಾ, ಅದು ಯಾಕೆ ಈಗ?"

"ಅದು ನಂದು ಕಣೋ. ಹಿರಿಯಳು ನಾನಿರೋವಾಗ ಇನ್ಯಾರಿಗೆ ಬರುತ್ತೆ? ಹುಡುಗೀದು ಅಂತ ನಿನಗೆ ಹೇಳಿದ್ಯಾರು?"

ಹಾರದ ಎಲೆ ಅರ್ಧ ಉದುರಿತ್ತು. ಅಜ್ಜಿ ಅದನ್ನು ಎದೆಯ ಮೇಲಿಟ್ಟುಕೊಂಡು ಮೂಸಿದಳು. "ಚೆನ್ನಾಗಿ ಕಟ್ಟಿದ್ದೀಯ ಮೇಷ್ಟ್ರೇ, ಇನ್ನೂ ಘಮ ಇದೆ. ನಾನು ತಗೊಂಡಾಯ್ತು. ಈ ಮನೇಲಿ ಇನ್ನು ಯಾರೂ ಹೆದರ್ಬೇಕಾಗಿಲ್ಲ."

"ಅಜ್ಜೀ, ನಾನು ಹೋಗಲ್ಲ," ಎಂದಳು ತಾಸ್ಯಾ.

"ಹೋಗ್ದೆ? ಇಲ್ಲಿ ಕೂತು ನನ್ನ ಕೆಮ್ಮು ಎಣಿಸ್ತೀಯಾ? ನಡಿ!"

ಹೊರಡುವ ಮುಂಚೆ ಕೂರುವ ಪದ್ಧತಿಯಂತೆ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂತರು. ಆಮೇಲೆ ಪ್ರೋಖೊರ್ ಕೋಲು ಹಿಡಿದು ಮುಂದೆ ನಡೆದ.

ಮಂಜುಗಡ್ಡೆಯ ಮೇಲೆ ಆಗಲೇ ನೀರು ನಿಂತಿತ್ತು. ನಡು ನದಿಯಲ್ಲಿ ಕಾಲಡಿಗೆ ಏನೋ ಉದ್ದಕ್ಕೆ ಸೀಳಿದ ಸದ್ದು. ತಾಸ್ಯಾ ಗ್ಲಿನ್‌ನ ಕೈ ಹಿಚುಕಿದಳು.

"ನಿಲ್ಬೇಡಿ," ಎಂದ ತಂದೆ, ತಿರುಗದೆ. "ನಾನು ಕಾಲಿಟ್ಟಲ್ಲೇ ಇಡಿ."

ಆಚೆ ದಡದಲ್ಲಿ ಅವನು ಮಗಳನ್ನು ಅಪ್ಪಿಕೊಂಡ. ಆಮೇಲೆ ಗ್ಲಿನ್‌ನನ್ನು ದಿಟ್ಟಿಸಿದ. "ಟೋಪಿ ಹಾಕ್ಕೋ ಮೇಷ್ಟ್ರೇ," ಎಂದಷ್ಟೇ ಹೇಳಿ ಬಂದ ದಾರಿಯಲ್ಲೇ ತಿರುಗಿದ. ಅವನು ಊರ ಕಡೆಯ ದಡದಲ್ಲಿ ಚುಕ್ಕಿಯಾಗುವವರೆಗೆ ಇಬ್ಬರೂ ಕದಲಲಿಲ್ಲ.

ತಾಸ್ಯಾ ಹೊರಟದ್ದು ಗುರುವಾರ. ಶನಿವಾರ ನದಿ ಒಡೆಯಿತು. ಅಗ್ರಫೇನ ಹೋದದ್ದು ಭಾನುವಾರ.