ಸದ್ದಿಲ್ಲದ ಕಾರು

ನವೆಂಬರ್ 11, ಬೆಳಗಿನ 9.20. ಸೀರೆ ವ್ಯಾಪಾರಿ ಶರತ ಗಜೇಂದ್ರಗಡ ಠಾಣೆಗೆ ಬಂದು ನಿಂತುಕೊಂಡೇ ದೂರು ಕೊಟ್ಟ. ಮೂರು ವಾರದ ಹಿಂದೆ ಹುಬ್ಬಳ್ಳಿಯಲ್ಲಿ ಅವನು ಬ್ಯಾಟರಿ, ಪೆಟ್ರೋಲು ಎರಡರಲ್ಲೂ ಓಡುವ ದೊಡ್ಡ ಹೈಬ್ರಿಡ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ. ಮನೆ ಮುಂದಿದ್ದ ಅದು ಇವತ್ತು ಜೀವ ಬಿಟ್ಟಿತ್ತು. ಹಿಂದಿನ ಸೀಟಿನಡಿ ಬ್ಯಾಟರಿಗಿದ್ದ ಕಿತ್ತಳೆ ಬಣ್ಣದ ಪ್ಲಗ್ ಕಳುವಾಗಿತ್ತು. ಅದರ ಮರ್ಮ ಬಲ್ಲವನು, ಕಾರು ನೋಡಿ ಕೊಡಿಸಿದ ರೋಣದ ಮೆಕ್ಯಾನಿಕ್ ದಿಲಾವರನೊಬ್ಬನೇ ಎಂದ. ಎಫ್‌ಐಆರ್ ಆಯಿತು.

ಹನ್ನೊಂದಕ್ಕೆ ದಿಲಾವರ ಠಾಣೆಯ ಬೆಂಚಿನ ಮೇಲಿದ್ದ. ಕೊಟ್ಟ ಚಹಾ ಮುಟ್ಟಿರಲಿಲ್ಲ. ಕಳ್ಳನೆಂದು ಒಮ್ಮೆ ಹೆಸರಾದರೆ ಅವನ ಗ್ಯಾರೇಜಿಗೆ ಗಾಡಿ ತರುವವರಾರು? ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುವ ಜನಕ್ಕೆ ಬರವೇ?

"ಪ್ಲಗ್ ವಿಷಯ ಮತ್ತ ಯಾರಿಗೆ ಗೊತ್ತು?" ಪಿಎಸ್‌ಐ ವಿಜಯಲಕ್ಷ್ಮಿ ಕೇಳಿದಳು.

"ಪೂಜಾದ ದಿನ ಓಣಿ ಮಂದಿಗೆಲ್ಲಾ ಸೀಟ್ ಎತ್ತಿ ತೋರಿಸೇನ್ರಿ ಮೇಡಂ. ಇದನ್ನ ಕಿತ್ತರ ಬ್ಯಾಟರಿ ಬಂದ್ ಅಂತ ಹೇಳೇನ್ರಿ. ಅಷ್ಟs ನನ್ನ ತಪ್ಪ."

ಶರತನಿಗೆ ಮೇಲಿನವರ ಪರಿಚಯವಿತ್ತು. ಸಂಜೆಯೊಳಗೆ ಆರೋಪಿ ಬೇಕೆಂದು ನರಗುಂದದ ಡಿವೈಎಸ್‌ಪಿ ಕಚೇರಿಯಿಂದ ಎರಡು ಸಲ ಫೋನು ಬಂದಿತ್ತು. ಕೈಗೆ ಸಿಕ್ಕವನನ್ನೇ ಒಳಗೆ ಹಾಕುವುದು ಸುಲಭ. ಅದಕ್ಕೇ ಅವಳಿಗೆ ಭಯವಾಗುತ್ತಿತ್ತು.

12.10ಕ್ಕೆ ಜೀಪು ಶರತನ ಮನೆಯಿದ್ದ ನೇಕಾರರ ಓಣಿ ಹೊಕ್ಕಿತು. ಓಣಿಯ ಒಂದು ಮಗ್ಗುಲಿಗೆ ಉದ್ದಕ್ಕೂ, ಮಗ್ಗಕ್ಕೇರಿಸುವ ಹಾಸಿನ ನೂಲು ಎಳೆದು ಕಟ್ಟಿದ್ದರು. ಎಳೆ ನೇವರಿಸುತ್ತಿದ್ದ ಕಣ್ಣಿಲ್ಲದ ಮುದುಕಿ ಮಾನವ್ವ ಜೀಪಿನ ಸದ್ದಿಗೆ ಗೋಡೆಯತ್ತ ಸರಿದಳು.

ಪಂಚನಾಮೆ ನಡೆಯಿತು. ಬಾಗಿಲ ಬೀಗ ಒಡೆದಿರಲಿಲ್ಲ. ಕೀಲಿಕೈ ಹತ್ತಿರವಿದ್ದರೆ ಮುಟ್ಟಿದೊಡನೆ ಬಾಗಿಲು ತೆರೆಯುವ ಕಾರದು. ಶರತನೋ ಕೀಲಿಯನ್ನು ಕಾರು ನಿಲ್ಲುವ ಗೋಡೆಯ ಒಳಬದಿಯ ಮೊಳೆಗೇ ನೇತುಹಾಕುತ್ತಿದ್ದ. ಸೀಟು ಎತ್ತುವಾಗ ಅದರ ಬಟ್ಟೆ ಗೇಣುದ್ದ ಹರಿದಿತ್ತು. ಹರಿದದ್ದನ್ನು ಕಾಫಿ ಬಣ್ಣದ ರೇಷ್ಮೆ ಎಳೆಯಲ್ಲಿ ಗುರುತು ಕಾಣದಂತೆ ಹೊಲಿದಿದ್ದರು. ನಿನ್ನೆ ಸಂಜೆಯವರೆಗೆ ಸೀಟು ಚೆನ್ನಾಗಿಯೇ ಇತ್ತು ಎಂದು ಶರತ ಆಣೆ ಮಾಡಿದ.

ಕದಿಯಲು ಬಂದವನು ಹೊಲಿಯುತ್ತ ಕೂರುವುದೆಂದರೇನು? ಕಾನ್‌ಸ್ಟೆಬಲ್ ಮುತ್ತುವಿಗೆ ನಗು ಬಂತು. ಗುಳೇದಗುಡ್ಡದ ನೇಕಾರರ ಮನೆಯ ಮಗಳಾದ ವಿಜಯಲಕ್ಷ್ಮಿಗೆ ಬರಲಿಲ್ಲ. ಹರಿದ ಅರಿವೆಯನ್ನು ಹಾಗೇ ಬಿಟ್ಟು ಬರಲಾರದ ಕೈಗಳನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. ದಿಲಾವರನ ಕೈ ಅದಲ್ಲ ಎಂದು ಮನಸ್ಸು ಹಗುರಾಯಿತು, ಹೊಲಿದದ್ದು ನೇಕಾರನೇ ಎಂದು ಮರುಕ್ಷಣವೇ ಮತ್ತೆ ಭಾರವಾಯಿತು.

ಮನೆಮನೆಯ ಮಗ್ಗ ನೋಡಿದರು. ಕಾಫಿ ಬಣ್ಣ ಇದ್ದದ್ದು ಒಂಬತ್ತನೆಯ ಮನೆಯಲ್ಲಿ, ಮಾನವ್ವನ ಗಂಡ ಪರಶಪ್ಪನ ಮಗ್ಗದಲ್ಲಿ. ವಿಜಯಲಕ್ಷ್ಮಿ ಬಾಯಿ ತೆರೆಯುವ ಮೊದಲೇ ಮುದುಕ ಮಗ್ಗದಡಿಯ ಕಾಲಿಡುವ ಕುಣಿಗೆ ಕೈ ಹಾಕಿ, ಅರಿವೆಯಲ್ಲಿ ಸುತ್ತಿಟ್ಟ ಪ್ಲಗ್ಗನ್ನು ತೆಗೆದು ಕೊಟ್ಟ.

"ಯಾಕ ತಗದ್ರಿ?"

"ಹೋದ ವಾರ ಆ ಗಾಡಿ ನಮ್ಮಾಕಿ ಸೆರಗ ಸವರಿ ಹೋತ್ರಿ. ಆಕಿಗೆ ಕಿವಿನ ಕಣ್ಣು. ಆ ಗಾಡಿಗೆ ಸಪ್ಪಳನ ಇಲ್ಲ. ಶರತಗ ಹೇಳಿದ್ರ, ಕಾಕಾ, ಅದs ಈ ಗಾಡಿ ಗಮ್ಮತ್ತು ಅಂದು ನಕ್ಕ. ಬ್ಯಾಟರಿ ಬಂದ್ ಮಾಡಿದ್ರ ಪೆಟ್ರೋಲಿನ ಮ್ಯಾಲೆ ಸದ್ದು ಮಾಡಕೋತ ಓಡತೈತಿ ಅಂತ ತಿಳದಿದ್ನಿರಿ. ಪೂರಾ ನಿಲ್ಲತೈತಿ ಅಂತ ಗೊತ್ತಿರಲಿಲ್ರಿ."

ದಿಲಾವರನನ್ನು ಹಿಡಿದದ್ದು ಗೊತ್ತಿತ್ತೇ ಎಂದು ಕೇಳಿದಳು. ಈಗ ಗೊತ್ತಾತ್ರಿ ಎಂದು ಮುದುಕ ಅಂಗಿ ಹಾಕಿಕೊಂಡ. ಜಪ್ತಿ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದ. 3.40ಕ್ಕೆ ಬಂಧನ. ದಿಲಾವರನನ್ನು ಮನೆಗೆ ಕಳಿಸಿ ಎಂದು ಅವಳು ಠಾಣೆಗೆ ಫೋನು ಮಾಡಿದಳು.

ಪರಶಪ್ಪ ಜೀಪು ಹತ್ತಿ ಕೂತ. ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕೆಂಬುದು ನಿಯಮ; ಮಾನವ್ವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಚಾಲಕ ಎಂಜಿನ್ ಶುರು ಮಾಡಿದ. ಹಾಸಿನ ಬಳಿ ಮಾನವ್ವ ಕಿವಿಗೊಟ್ಟು, ಎಳೆಗಳಿಂದ ಕೈ ತೆಗೆದು, ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಹೋಗ್ರಿಪಾ, ದಾರಿ ಬಿಟ್ಟೇನಿ" ಅಂದಳು.

ವಿಜಯಲಕ್ಷ್ಮಿ ಎಂಜಿನ್ ಆರಿಸಲು ಹೇಳಿ ಕೆಳಗಿಳಿದಳು.