ಹಿಕ್ಕೆದ್ವೀಪದಲ್ಲಿ ಏರಿದ ದನಿ

ಪೆರುವಿನ ಕರಾವಳಿಯಾಚೆ, ಕಡಲಹಕ್ಕಿಗಳ ಹಿಕ್ಕೆಯನ್ನು ಗೊಬ್ಬರಕ್ಕೆಂದು ಕೆರೆದು ತರುವ ಹಿಕ್ಕೆದ್ವೀಪದಲ್ಲಿ ನಲವತ್ತೊಂದು ಕಡಲಸಿಂಹಗಳು ಸತ್ತು ಬಿದ್ದಿದ್ದವು. ಮೊದಲು ಕಂಡದ್ದು ಅತ್ತ ಹಾದುಹೋದ ದೋಣಿಯವರಿಗೆ. ಸಂಜೆಯೊಳಗೆ ಮೀನುಗಾರ ಎಲಾದಿಯೊ ಲಾಕಪ್ಪಿನಲ್ಲಿದ್ದ. ಬಲೆ ಹರಿಯುವ ಈ ಪ್ರಾಣಿಗಳಿಗೆ ವಿಷ ಹಾಕುತ್ತೇನೆಂದು ಅವನು ಕೂಗಾಡಿದ್ದನ್ನು ಬಂದರೇ ಕೇಳಿತ್ತು. ಅವನ ದೋಣಿಯನ್ನು ಅಲ್ಲಿ ಕಂಡೆನೆಂದು ದ್ವೀಪದ ಕಾವಲುಗಾರನೂ ರೇಡಿಯೊದಲ್ಲಿ ತಿಳಿಸಿದ್ದ. ಸಾಬೀತಾದರೆ ಐದು ವರ್ಷ ಜೈಲು.

ಪೊಲೀಸ್ ಲೆಫ್ಟಿನೆಂಟ್ ಜೊರಾಯ್ದಾ ಅವನೆದುರು ಕುಳಿತಳು.

"ವಿಷ ಹಾಕೋಕೂ ಒಂದು ಮೀನು ಬೇಕಲ್ಲ ಮೇಡಂ," ಎಂದ ಎಲಾದಿಯೊ. "ಸಮುದ್ರ ಬಿಸಿಯಾದಾಗಿಂದ ನನ್ನ ಬಲೇಲಿ ಬರೀ ನೀರು. ಮೀನು ಸಿಕ್ಕಿದ್ರೆ ನಾನೇ ತಿಂತಿದ್ದೆ."

* * *

ಬೆಳಿಗ್ಗೆ ಅವಳು ಪಶುವೈದ್ಯೆ ಒಫೇಲಿಯಾಳೊಡನೆ ದ್ವೀಪಕ್ಕೆ ಹೋದಳು. ಕಾವಲುಗಾರ ಫೌಸ್ತೀನೊ ಕಟ್ಟೆಯ ತುದಿಗೇ ಬಂದು, ಎರಡೂ ಕೈ ಬೀಸುತ್ತ, ಕಾಫಿ ಕಾಯಿಸಿದ್ದೇನೆಂದು ದೂರದಿಂದಲೇ ಕೂಗಿದ. ಇಪ್ಪತ್ತಾರು ವರ್ಷದಿಂದ ಅಲ್ಲಿ ಅವನೊಬ್ಬನೇ.

ಅವನ ಮಾತು ನಿಲ್ಲಲಿಲ್ಲ. ಹನ್ನೊಂದು ವರ್ಷದ ಮೇಲೆ ಹಿಕ್ಕೆಗೊಬ್ಬರದ ಕೊಯ್ಲು. ಸೋಮವಾರ ಬೆಟ್ಟದ ಕಡೆಯಿಂದ ನೂರು ಕೂಲಿಗಳು ಬರುತ್ತಾರೆ. ಸಂಜೆ ಅವರೆಲ್ಲ ಸೇರಿ ಪ್ರಾರ್ಥನೆ ಹಾಡುತ್ತಾರೆ. ಅವರಿಗಾಗಿ ಒಲೆಗಳಿಗೆ ಸುಣ್ಣ ಬಳಿದಿದ್ದ. ಹಕ್ಕಿಗಳೋ? ಸುಖವಾಗಿವೆ. ದಿನಾ ರೇಡಿಯೊದಲ್ಲಿ ಅದನ್ನೇ ಹೇಳುತ್ತಿದ್ದ.

ಜೊರಾಯ್ದಾ ಲೋಟ ಕೆಳಗಿಟ್ಟಳು. ಒಬ್ಬಳೇ ಇಳಿಜಾರು ಹತ್ತಿದಳು. ಗೂಡುಗಳಿದ್ದವು. ಒಂದು ಗರಿಯೂ ಇರಲಿಲ್ಲ.

* * *

"ಡಾಕ್ಟರ್ ಕೊಯ್ದು ನೋಡಿದ್ರು, ಕಡಲಸಿಂಹಗಳ ಹೊಟ್ಟೆ ಖಾಲಿ," ಎಂದಳು ಜೊರಾಯ್ದಾ, ಇಳಿದು ಬಂದು. "ವಿಷ ತಿಂದು ಸತ್ತಿಲ್ಲ. ಶ್ವಾಸಕೋಶ ಬಾತು ಸತ್ತಿವೆ. ಹಕ್ಕಿಗಳನ್ನ ಎಲ್ಲಿ ಹೂತ್ರಿ, ಯಜಮಾನ್ರೇ?"

ಫೌಸ್ತೀನೊ ಅವಳ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದ.

"ನಮ್ಮಪ್ಪ ಇಂಥದ್ದೇ ದ್ವೀಪದಲ್ಲಿ ಕಾವಲಿದ್ರು. ಹಕ್ಕಿ ಬೆದರಿ ಗೂಡು ಬಿಟ್ಟೀತು ಅಂತ ಅಲ್ಲಿ ಪಿಸುಗುಟ್ಟಿ ರೂಢಿಯಾಗಿ, ಮನೆಗೆ ಬಂದ್ರೂ ಪಿಸುಮಾತೇ. ನೀವು ಕಟ್ಟೆ ಮೇಲಿಂದ ಕೂಗಿದ್ರಿ. ಬೆದರೋ ಹಕ್ಕಿ ಒಂದಾದ್ರೂ ಉಳಿದಿದ್ರೆ ನಿಮ್ಮ ಬಾಯಿಂದ ಆ ಕೂಗು ಬರ್ತಿರಲಿಲ್ಲ."

ಅವನು ಕರೆದೊಯ್ದು ತೋರಿಸಿದ. ಉಗ್ರಾಣದ ಹಿಂದೆ ಆರು ಗುಂಡಿಗಳು. ಒಂದೊಂದರ ಮೇಲೂ ಮರದ ಶಿಲುಬೆ. ಒಳಗೆ ಅವನು ಬರಿಗೈಯಲ್ಲಿ ಹೂತ ಹೆಜ್ಜಾರ್ಲೆ ಹಕ್ಕಿಗಳು.

ಒಫೇಲಿಯಾ ವಿವರಿಸಿದಳು. ನೀರು ಬಿಸಿಯಾಗಿ ಮೀನು ದೂರ ಹೋಯಿತು. ಹಸಿದ ಹಕ್ಕಿಗಳೆಲ್ಲ ತಂಪು ಉಳಿದಿದ್ದ ಒಂದೇ ಕೊಲ್ಲಿಯಲ್ಲಿ, ಕಡಲಸಿಂಹಗಳ ಮೈಗೆ ಮೈ ತಾಗಿಸಿ ಕುಳಿತವು. ಹಕ್ಕಿಜ್ವರದ ವೈರಸ್ಸು ಮೈಯಿಂದ ಮೈಗೆ ದಾಟುವಾಗೆಲ್ಲ ಅಷ್ಟಿಷ್ಟು ಬದಲಾಗುತ್ತದೆ. ಇಲ್ಲಿ ಸಸ್ತನಿಗಳ ಮೈಗೂ ಒಗ್ಗಿಕೊಂಡಿರಬಹುದು. ಮುಂದಿನ ಮೈ ಮನುಷ್ಯರದ್ದಾದರೆ?

"ಜ್ವರ ಅಂದ್ರೆ ಕೊಯ್ಲು ನಿಲ್ಲಿಸಿಬಿಡ್ತಾರೆ," ಎಂದ ಫೌಸ್ತೀನೊ. "ಯಾರೂ ಬರಲ್ಲ. ಅದಕ್ಕೇ ಎಲಾದಿಯೊ ಹೆಸರು ಹೇಳಿದೆ. ಅವನ ದೋಣಿ ನಾನು ನೋಡಲೇ ಇಲ್ಲ."

ಜೊರಾಯ್ದಾ ರೇಡಿಯೊ ಎತ್ತಿಕೊಂಡಳು. ಎಲಾದಿಯೊನನ್ನು ಬಿಡಲು ಹೇಳಿದಳು. ಕೂಲಿಗಳ ಹಡಗು ಹೊರಡದಂತೆ ತಡೆಸಿದಳು. ಒಫೇಲಿಯಾ ಮುದುಕನಿಗೆ ಮುಖಗವಸು ಕಟ್ಟಿದಳು. ಮೊದಲು ಆಸ್ಪತ್ರೆ, ಆಮೇಲೆ ಕೋರ್ಟು.

ದೋಣಿಯಲ್ಲಿ ಅವನು ಒಂದೇ ಮಾತು ಕೇಳಿದ.

"ಆಸ್ಪತ್ರೇಲಿ ಪಕ್ಕದ ಹಾಸಿಗೇಲಿ ಯಾರಾದ್ರೂ ಇರ್ತಾರಾ ಮೇಡಂ?"

ಅಂಟುರೋಗದ ಕೋಣೆಯಲ್ಲಿ ಒಂದೇ ಹಾಸಿಗೆ. ಜೊರಾಯ್ದಾ ಅದನ್ನು ಹೇಳಲಿಲ್ಲ. ಬಂದರು ಬರುವವರೆಗೂ ಅವನೆದುರಿಗೇ ಕುಳಿತಳು.