ಕೊರಳ ಶಿವದಾರ

“ಮೊದ್ಲು ಊರಿಗಿ, ಭಾಲ್ಕಿಗಿ ಹೋಗೋಣು, ಮಠದ ಅಯ್ಯನೋರ್ನ ಕೇಳೋಣು. ಅವ್ರು ಹೂಂ ಅಂದ ಮ್ಯಾಲ ಕೊಯ್ಯಿಸ್ಕೊ!” ಎನ್ನುತ್ತ ಕಾಶಿಬಾಯಿ ಸೊಸೆಯ ಸೀರೆಗಳನ್ನು ಚೀಲಕ್ಕೆ ತುರುಕಿದಳು. ಮಂಚದ ಮೇಲೆ ಕೂತಿದ್ದ ಗುಣವತಿಗೆ ಕುತ್ತಿಗೆ ಹೊರಳಿಸಲೂ ಆಗದು. ನಾಸಿಕದ ಹತ್ತಿರದ ಸಿನ್ನರಿನ ಆ ಚಾಳಿನ ಮನೆಮನೆಗೂ ವೈರಲ್ ಜ್ವರ ಬಂದುಹೋಗಿತ್ತು. ಎಲ್ಲರನ್ನೂ ಬಿಟ್ಟ ಜ್ವರ ಗುಣವತಿಯ ಗಂಟಲಿಗೆ ಗಂಟುಬಿದ್ದಿತ್ತು. ಮಂಗನಬಾವೆಂದು ಅತ್ತೆ ಹಚ್ಚಿದ ಸುಣ್ಣ-ಅರಿಶಿನಕ್ಕೆ ಅದು ಸೊಪ್ಪು ಹಾಕಲಿಲ್ಲ. ಬೆಳಿಗ್ಗೆ ನಾಸಿಕದ ಡಾಕ್ಟರು ಮುಟ್ಟಿ ನೋಡಿ ಗಾಬರಿಯಾಗಿದ್ದರು. ಥೈರಾಯ್ಡ್ ಗ್ರಂಥಿಯಲ್ಲಿ ಕೀವು! ಬಲು ಅಪರೂಪದ ಸೋಂಕು. ಇವತ್ತೇ ಕೊಯ್ದು ತೆಗೆಯದಿದ್ದರೆ ಉಸಿರೇ ಕಟ್ಟೀತು. ಆದರೆ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ತೂಗುವ ಶಿವದಾರವಿತ್ತಲ್ಲ, ಅದನ್ನು ತೆಗೆಯಬೇಕು ಎಂದಿದ್ದರು.

ಹುಟ್ಟಿದಾಗ ಕಟ್ಟಿದ ಲಿಂಗ! ಪ್ರಾಣ ಹೋದರೂ ಅದು ಮೈಬಿಟ್ಟು ಹೋಗಬಾರದೆಂದು ನಂಬಿದ ಮನೆತನ ಅದು...

“ಅವ್ವಾ, ಔರಂಗಾಬಾದ್ ದಾಟಿ ಭಾಲ್ಕಿ ಮುಟ್ಟೂದ್ರಾಗ...” ಎಂದ ಗಂಡ ಶಿವರಾಯ ಅಷ್ಟಕ್ಕೇ ತಡವರಿಸಿದ. ಕಾರ್ಖಾನೆಯಲ್ಲಿ ಹುಲಿಯಾದವನು ಅವ್ವನೆದುರು ಎಂದೂ ಇಲಿಯೇ!

ತೊಟ್ಟಿಲಲ್ಲಿ ಕೂಸು ಅನಸೂಯ ಅತ್ತಳು. ಎದ್ದು ಎತ್ತಿಕೊಳ್ಳಹೋದ ಗುಣವತಿಗೆ ಉಸಿರು ಸಿಕ್ಕಿಕೊಂಡಿತು. ಕೂಸು ತಾಯಿಯಿಲ್ಲದೆ ಬೆಳೆಯಬೇಕೇ? ಅವಳು ತಾನೇ ಶಿವದಾರ ತೆಗೆದು ಕರಡಿಗೆಯನ್ನು ಎಡಗೈಯಲ್ಲಿ ಹಿಡಿದಳು.

“ಅಯ್ಯೋ ಶಿವನೇ!” ಎಂದು ಕಾಶಿಬಾಯಿ ಎದೆ ಬಡಿದುಕೊಂಡಳು.

“ಅತ್ತೀ, ದಿನಾ ಪೂಜಿಗಿ ಲಿಂಗಪ್ಪ ಅಂಗೈಯಾಗ ಕೂಡ್ತಾನಲ್ರಿ? ಇದೂ ನನ್ನ ಮೈಯೇ. ತೋಳಿಗಿ ಕಟ್ರಿ.”

“ನಾ ಕಟ್ಟಂಗಿಲ್ಲ!”

“ಹಂಗಾದ್ರ ನಾನ ಕಟ್ಕೋತೀನಿ. ನಾ ಸಾಯಂಗಿಲ್ರಿ ಅತ್ತೀ... ನನ್ನ ಕೂಸಿನ ಬಿಟ್ಟು ಸಾಯಂಗಿಲ್ಲ!”

ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಕೊರಳಿಗೆ ಬೆಂಕಿ ಇಟ್ಟಂತಾಯಿತು, ಕಣ್ಣಲ್ಲಿ ದಳದಳ ನೀರು. ಗಂಟು ಜಾರಿತು. ಮತ್ತೆ ಕಚ್ಚಿದಳು, ಮತ್ತೆ ಜಾರಿತು. ಆದರೂ ಬಿಡಲಿಲ್ಲ. ಕಾಶಿಬಾಯಿಗೆ ನೋಡಲಾಗಲಿಲ್ಲ. ಚೀಲ ಎಸೆದು ಬಂದಳು.

“ಹಲ್ಲಿಲೆ ಕಟ್ತಾರೇನ ಹುಚ್ಚಿ! ತಾ ಇಲ್ಲಿ!” ಎಂದು ಬೈಯುತ್ತಲೇ ಸೊಸೆಯ ತೋಳಿಗೆ ಬಿಗಿಯಾಗಿ ಕಟ್ಟಿದಳು. “ಶಿವರಾಯಾ, ನಿಂತು ಏನ್ ನೋಡ್ತಿ? ರಿಕ್ಷಾ ತಾರೋ!”

ಅಂದೇ ಕೊಯ್ದರು. ಗುಣವತಿ ಉಳಿದಳು. ದನಿ ಮಾತ್ರ ಮೊದಲಿನಂತೆ ಮರಳಲಿಲ್ಲ. ಜೋಗುಳ ಹಾಡಲು ಹೋದರೆ ಬರೀ ಗೊರಗೊರ. ಅದಕ್ಕವಳು ಅಳಲಿಲ್ಲ. ಕೂಸು ಆ ದನಿಗೂ ನಿದ್ದೆ ಹೋಗುತ್ತಿತ್ತು.

ಸುದ್ದಿ ಭಾಲ್ಕಿ ಮುಟ್ಟಿತು. ಕಾಶಿಬಾಯಿಯ ನಾದಿನಿ ಚನಬಸವ್ವ ಮಾತಾಡಿಸುವ ನೆಪದಲ್ಲಿ ಅಲ್ಲಿಂದ ಸಿನ್ನರಿಗೆ ಬಂದು ಪಡಸಾಲೆಯಲ್ಲಿ ಕೂತಳು.

“ವೈನೀ, ನಿಮ್ಮ ಸೊಸಿ ಕೊರಳಾಗಿನ ಲಿಂಗ ತಾನ ತೆಗದಳಂತ, ಖರೇ ಏನ್ರಿ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ಗುಣವತಿಯ ಕೈ ನಿಂತಿತು.

“ಸುಳ್ಳು!” ಕಾಶಿಬಾಯಿಯ ದನಿ ಇಡೀ ಚಾಳಿಗೆ ಕೇಳುವಂತಿತ್ತು. “ತೆಗದಾಕಿ ನಾನು. ಪಾಪ ಇದ್ರ ನನಗ ಬರ್ಲಿ. ಆಕಿನ ಏನೂ ಅನಬ್ಯಾಡ್ರಿ... ಚಹಾ ಕುಡೀತೀರೇನು?”